ಹೆರಿಗೆಯಲ್ಲಿ ಮಗು ಉಳಿಯಲಿಲ್ಲ: ಪರಿಹಾರ ಕೇಳುವ ಹಕ್ಕು ಯಾರದು?

ಪ್ರಶ್ನೆ: "ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯವರು ನಾವು. ಹನ್ನೊಂದು ತಿಂಗಳ ಹಿಂದಿನ ಮಾತು. ಮೊದಲ ಹೆರಿಗೆ, ದಿನ ತುಂಬಿತ್ತು. ನೋವು ಶುರುವಾಯಿತೆಂದು ನನ್ನ ಹೆಂಡತಿಯನ್ನು ದಾವಣಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ರಾತ್ರಿ ಎಂಟೂವರೆಗೆ ಸೇರಿಸಿದೆವು. ಡಾಕ್ಟರು ನೋಡಿ, ಮಗುವಿನ ಹಾರ್ಟ್‌ಬೀಟ್ ಸರಿಯಾಗಿದೆ, ಬೆಳಿಗ್ಗೆಯೊಳಗೆ ಆಗುತ್ತೆ ಎಂದು ಮನೆಗೆ ಹೋದರು. ಒಂದು ಗಂಟೆ ಸುಮಾರಿಗೆ ನೀರು ಹಸಿರಾಗಿ ಹೋಗ್ತಿದೆ ಅಂತ ನಮ್ಮತ್ತೆ ನರ್ಸಿಗೆ ಎರಡು ಸಲ ಹೇಳಿದರು. ಡಾಕ್ಟರು ಬಂದಿದ್ದು ಬೆಳಗಿನ ಜಾವ ಐದಕ್ಕೆ. ಮಗಳು ಹುಟ್ಟಿದಳು, ಉಸಿರಿರಲಿಲ್ಲ. ನಮ್ಮತ್ತೆ ಅಲ್ಲೇ ವರಾಂಡದಲ್ಲಿ ತಲೆ ಸುತ್ತಿ ಬಿದ್ದರು, ಅವತ್ತಿನಿಂದ ಬಿಪಿ ಮಾತ್ರೆ ತಗೊಳ್ತಿದ್ದಾರೆ. ನನ್ನ ಹೆಂಡತಿಗೆ ನಿದ್ದೆಯಿಲ್ಲ. ಓಣಿಯಲ್ಲಿ ಯಾರದಾದರೂ ಮಗು ಅತ್ತರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಗಾರ್ಮೆಂಟ್ಸ್‌ಗೆ ಹೋಗ್ತಿದ್ದಳು. ಮಗುವೇ ಇಲ್ಲ, ಇನ್ನೇನು ರಜೆ ಅಂದರಂತೆ, ಬಿಟ್ಟುಬಿಟ್ಟಳು. ಪರಿಚಯದ ವಕೀಲರೊಬ್ಬರು, ಮಗು ಜೀವಂತ ಹುಟ್ಟಿಲ್ಲ, ಕೇಸು ನಿಲ್ಲಲ್ಲ ಅಂದರು. ಪೊಲೀಸರು ದೂರು ತಗೊಳ್ಳಲಿಲ್ಲ. ಬೆಂಗಳೂರಿನ ನನ್ನ ಷಡ್ಡಕ, ಅಮೆರಿಕದಲ್ಲಿ ಇಂಥದ್ದಕ್ಕೆ ಕೋಟಿಗಟ್ಟಲೆ ಕೊಡ್ತಾರೆ ಅಂತಾರೆ. ನರ್ಸಿಂಗ್ ಹೋಮಿನವರು ಐವತ್ತು ಸಾವಿರ ಕೊಡ್ತೀವಿ, ಒಂದು ಸಹಿ ಹಾಕಿ ಅಂತಿದ್ದಾರೆ. ಆ ದುಡ್ಡು ಮುಟ್ಟಿದರೆ ಮಗು ಮಾರಿದ ಹಾಗೆ ಅಂತಾರೆ ನಮ್ಮ ತಂದೆ. ಏನು ಮಾಡಲಿ?"

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವಿದ್ದರೂ ಕಾಡುತ್ತಿರುವುದು ಎರಡೇ. ಹುಟ್ಟುವ ಮೊದಲೇ ಹೋದ ಮಗುವಿಗಾಗಿ ಯಾರಾದರೂ ಕೇಳಬಹುದೇ? ಮನಸ್ಸಿಗೆ ಬಿದ್ದ ಪೆಟ್ಟನ್ನು ಕಾನೂನು ಪೆಟ್ಟೆಂದು ಲೆಕ್ಕಕ್ಕೆ ಹಿಡಿಯುತ್ತದೆಯೇ? ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಗ್ರಾಹಕರ ಆಯೋಗದಲ್ಲಿ ವಕಾಲತ್ತು ಹಾಕುವ ನನ್ನ ಬಳಿ ಹೆರಿಗೆಯ ಪ್ರಕರಣ ಹಿಡಿದು ಬರುವ ಬಹುತೇಕರು ಮೊದಲನೆಯದರಲ್ಲೇ ಸಿಕ್ಕಿಕೊಂಡಿರುತ್ತಾರೆ. ನಿಮ್ಮ ಕೇಸು ಮಗುವಿನ ಹೆಸರಿನಲ್ಲಿ ನಿಲ್ಲುವುದು ಕಷ್ಟ. ನಿಮ್ಮ ಮನೆಯವರ ಹೆಸರಿನಲ್ಲಿ ನಿಲ್ಲುತ್ತದೆ. ಆ ರಾತ್ರಿ ಆ ಆಸ್ಪತ್ರೆಯಲ್ಲಿ ದಾಖಲಾಗಿದ್ದ ರೋಗಿ ಅವರು.

ಪರಿಚಯದ ವಕೀಲರು ಹೇಳಿದ್ದು ಅರ್ಧ ಸರಿ. ತಪ್ಪಿನಿಂದ ಯಾರಾದರೂ ಸತ್ತರೆ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ನಷ್ಟ ಕೇಳಬಹುದು ಎನ್ನುವುದು 1855ರ ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್. ಬ್ರಿಟಿಷರ ಕಾಲದ್ದು, ಈಗಲೂ ಜಾರಿಯಲ್ಲಿದೆ. ಅದು ನೋಡುವುದು ಒಬ್ಬ ವ್ಯಕ್ತಿಯ ಸಾವನ್ನು. ಕಾನೂನಿನಲ್ಲಿ ವ್ಯಕ್ತಿ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಜೀವಂತ ಹುಟ್ಟಿರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆ ಗರ್ಭದಲ್ಲಿರುವ ಕೂಸಿಗೂ ಆಸ್ತಿಯಲ್ಲಿ ಪಾಲು ಇಡುತ್ತದೆ, ಆದರೆ ಅಲ್ಲೂ ಮಗು ಜೀವಂತ ಹುಟ್ಟಬೇಕೆಂಬ ಷರತ್ತಿದೆ. ರಸ್ತೆ ಅಪಘಾತದಲ್ಲಿ ಗರ್ಭದ ಮಗು ಹೋದಾಗ ಅದನ್ನೂ ಮಗುವೆಂದೇ ಎಣಿಸಿ ಪರಿಹಾರ ಕೊಟ್ಟ ಹೈಕೋರ್ಟುಗಳಿವೆ. ಅವನ್ನು ವಾದಕ್ಕೆ ಬಳಸಬಹುದು, ಆದರೆ ಕೇಸನ್ನೇ ಅವುಗಳ ಮೇಲೆ ಕಟ್ಟಬಾರದು.

ಹಾಗಿದ್ದರೂ ಒಂದು ಕಾಗದ ನೋಡಿಬಿಡಿ. ಹೆರಿಗೆಯಾದ ಒಂದನೇ ನಿಮಿಷಕ್ಕೂ ಐದನೇ ನಿಮಿಷಕ್ಕೂ ಉಸಿರು, ಎದೆಬಡಿತ ಮುಂತಾದ್ದನ್ನು ನೋಡಿ ಮಗುವಿಗೆ ಅಪ್ಗಾರ್ ಅಂತ ಅಂಕ ಹಾಕುತ್ತಾರೆ. ಎರಡೂ ಸೊನ್ನೆಯಾಗಿದ್ದರೆ ನಿರ್ಜೀವ ಜನನ. ಎಲ್ಲಾದರೂ ಒಂದು ಎಂದು ಬರೆದಿದ್ದರೂ ಮಗು ಕ್ಷಣವಾದರೂ ಬದುಕಿತ್ತು ಎಂದು ವಾದಿಸಲು ದಾರಿಯಾಗುತ್ತದೆ. ಆಗ ಜನನ, ಮರಣ ಎರಡನ್ನೂ ನೋಂದಾಯಿಸಬೇಕು, 1855ರ ಕಾಯ್ದೆಯೂ ಅನ್ವಯವಾಗುತ್ತದೆ. ಅದರಡಿ ದಾವೆ ಹೂಡಲು ಸಾವಿನ ದಿನದಿಂದ ಎರಡು ವರ್ಷ ಮಾತ್ರ ಕಾಲಾವಕಾಶ. 28 ವಾರ ದಾಟಿದ ಮೇಲೆ ಸತ್ತು ಹುಟ್ಟಿದ್ದರೆ ಅದನ್ನು ನಿರ್ಜೀವ ಜನನವೆಂದು ಬೇರೆಯಾಗಿಯೇ ನೋಂದಾಯಿಸಬೇಕು ಎನ್ನುವುದು ಜನನ ಮರಣ ನೋಂದಣಿ ನಿಯಮ. ಮಾಹಿತಿ ಕಳಿಸುವ ಹೊಣೆ ಆಸ್ಪತ್ರೆಯದು. ನಿಮ್ಮದು ಆಗಿದೆಯೇ ಎಂದು ನಗರಪಾಲಿಕೆಯಲ್ಲಿ ವಿಚಾರಿಸಿ. ಆಗಿಲ್ಲದಿದ್ದರೆ ಅದೂ ನಿಮ್ಮ ದೂರಿನಲ್ಲಿ ಒಂದು ಸಾಲಾಗಲಿ.

ಇನ್ನು ತಾಯಿಯ ಹಕ್ಕು. 1995ರಲ್ಲಿ ಸುಪ್ರೀಂ ಕೋರ್ಟು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ದುಡ್ಡು ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಸೇವೆಯೇ ಎಂದು ತೀರ್ಮಾನಿಸಿತು. 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ತೀರ್ಪು ನಿಮಗೆ ಇನ್ನೂ ಹತ್ತಿರದ್ದು. ಅಲ್ಲಿ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್ನಿನಿಂದ ಮಗುವಿನ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗಿತ್ತು. ಮಗುವಿಗೆ 12.5 ಲಕ್ಷ ಕೊಟ್ಟದ್ದಲ್ಲದೆ, ತಂದೆತಾಯಿಯ ಮಾನಸಿಕ ಯಾತನೆಗೆಂದೇ ಬೇರೆಯಾಗಿ 5 ಲಕ್ಷ ಕೊಟ್ಟರು. ಕರೆತಂದ ಅಪ್ಪಅಮ್ಮನೂ ಗ್ರಾಹಕರೇ ಎಂದು ಕೋರ್ಟು ಒಪ್ಪಿತು. ಆದ್ದರಿಂದ ಬಿಲ್ ಕಟ್ಟಿದ ನೀವೂ ಅರ್ಜಿದಾರರಾಗಬಹುದು, ಆದರೆ ಮೊದಲ ಅರ್ಜಿದಾರರು ನಿಮ್ಮ ಮನೆಯವರೇ ಆಗಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಾನಿ ಅಂದರೆ ದೇಹಕ್ಕೆ, ಮನಸ್ಸಿಗೆ ಅಥವಾ ಸ್ವತ್ತಿಗೆ ಆದ ಹಾನಿ ಎಂದೇ ಇದೆ. ಮನಸ್ಸನ್ನು ನಾವು ವಾದ ಮಾಡಿ ಒಳಗೆ ಸೇರಿಸಬೇಕಾಗಿಲ್ಲ.

ಕಾನೂನು ಒಪ್ಪಿದರೂ ಪುರಾವೆ ಬೇಕು. 'ತುಂಬಾ ನೊಂದಿದ್ದಾರೆ' ಎಂದು ಅಫಿಡವಿಟ್ಟಿನಲ್ಲಿ ಬರೆದರೆ ಆಯೋಗ ಕನಿಕರದಿಂದ ಒಂದಿಷ್ಟು ಸಾವಿರ ಬರೆದು ಮುಗಿಸುತ್ತದೆ. ಬಾಗಿಲು ಹಾಕಿಕೊಳ್ಳುವುದು, ನಿದ್ದೆ ಬಾರದಿರುವುದು, ಕೆಲಸ ಬಿಟ್ಟದ್ದು ಇವೆಲ್ಲ ಒಬ್ಬ ಮನೋವೈದ್ಯರ ಚೀಟಿಯಲ್ಲಿ, ದಿನಾಂಕದ ಸಮೇತ ದಾಖಲಾಗಿದ್ದರೆ ಅದರ ತೂಕವೇ ಬೇರೆ. ಕೇಸಿಗಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಹೇಳುತ್ತಿಲ್ಲ. ಹನ್ನೊಂದು ತಿಂಗಳು ನಿದ್ದೆಯಿಲ್ಲದವರಿಗೆ ಕೇಸಿರಲಿ ಬಿಡಲಿ ಚಿಕಿತ್ಸೆ ಬೇಕು. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ಅಲ್ಲಿಗೆ ಹೋಗಲು ಯಾರ ಪರಿಚಯವೂ ಬೇಕಿಲ್ಲ.

ನಿಮ್ಮ ಷಡ್ಡಕರ ಅಮೆರಿಕದ ಮಾತು ಪೂರ್ತಿ ಗಾಳಿಮಾತಲ್ಲ. ಹೆರಿಗೆಯ ವೇಳೆ ನಿರ್ಲಕ್ಷ್ಯದಿಂದ ಮಗುವಿಗೆ ಹಾನಿಯಾದರೆ ತಾಯಿ ತಾನೇ ನೇರವಾಗಿ ನೊಂದವಳು, ಪಕ್ಕದಲ್ಲಿ ನಿಂತು ನೋಡಿದವಳಲ್ಲ, ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1992ರಲ್ಲೇ ಬರ್ಜೆಸ್ ಪ್ರಕರಣದಲ್ಲಿ ಹೇಳಿತ್ತು. ಅದು ನಮ್ಮಲ್ಲೂ ಒಳ್ಳೆಯ ವಾದ. ಆದರೆ ಅಲ್ಲಿನ ಮೊತ್ತ ಇಲ್ಲಿ ಬರುವುದಿಲ್ಲ. ಡಾ. ಕುನಾಲ್ ಸಾಹಾ ಅವರ ಹೆಂಡತಿಯ ಸಾವಿನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಸುಮಾರು ಆರು ಕೋಟಿ ಕೊಟ್ಟಿತು ನಿಜ. ತೀರಿಕೊಂಡವರು ಅಮೆರಿಕದಲ್ಲಿ ನೆಲೆಸಿ ಓದಿದ್ದ ಮನಶ್ಶಾಸ್ತ್ರಜ್ಞೆ, ಅವರು ಮುಂದೆ ಗಳಿಸಬಹುದಾಗಿದ್ದನ್ನು ಅಲ್ಲಿನ ಲೆಕ್ಕದಲ್ಲೇ ಹಿಡಿದರು. ಆ ತೀರ್ಪನ್ನು ತೋರಿಸಿ ನಿಮ್ಮಿಂದ ಮುಂಗಡ ಫೀಸು ಕೇಳುವವರಿದ್ದರೆ ಅವರಿಂದ ದೂರ ಇರಿ.

ನಿಮ್ಮ ಅತ್ತೆಯವರ ವಿಷಯ ಇದಕ್ಕಿಂತ ತೊಡಕಿನದು. ಪ್ರೀತಿಪಾತ್ರರಿಗೆ ಆದದ್ದನ್ನು ಕಂಡು ಆಘಾತಕ್ಕೆ ಒಳಗಾದವರಿಗೆ ಪರಿಹಾರ ಕೊಡುವುದರಲ್ಲಿ ಹಲವು ದೇಶದ ಕೋರ್ಟುಗಳು ಕೈ ಬಿಗಿ ಹಿಡಿದಿವೆ. ಇಂಗ್ಲೆಂಡಿನಲ್ಲಿ 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನ ನಂತರ ಬಂದ ಆಲ್ಕಾಕ್ ತೀರ್ಪು, ಟೀವಿಯಲ್ಲಿ ನೋಡಿ ಕುಸಿದ ಬಂಧುಗಳಿಗೆ ಇಲ್ಲವೆಂದಿತು. 2024ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪಾಲ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ವೈದ್ಯರ ನಿರ್ಲಕ್ಷ್ಯದಿಂದ ರೋಗಿ ಸಾಯುವುದನ್ನು ಕಣ್ಣಾರೆ ಕಂಡ ಬಂಧುಗಳಿಗೂ ಸಾಮಾನ್ಯವಾಗಿ ಹಕ್ಕಿಲ್ಲ ಎಂದಿತು. ನನಗೆ ಆ ತೀರ್ಪು ಕಟುವೆನಿಸುತ್ತದೆ. ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ, ಆದರೆ ಎದುರು ವಕೀಲರು ಅದನ್ನು ಓದದೆ ಬಿಡುವುದಿಲ್ಲ. ಅಜ್ಜಿಯನ್ನು ಅರ್ಜಿದಾರರನ್ನಾಗಿ ಮಾಡಿದರೆ ದುಡ್ಡಿಗಾಗಿ ಮನೆಮಂದಿಯೆಲ್ಲ ಬಂದಿದ್ದಾರೆ ಎಂಬ ಮಾತಿಗೆ ಎಡೆಯಾಗುತ್ತದೆ. ಅವರನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಹಸಿರು ನೀರನ್ನು ಕಂಡವರೂ, ಎರಡು ಸಲ ಹೇಳಿದವರೂ ಅವರೇ. ನೆನಪಿರುವುದನ್ನೆಲ್ಲ, ಗಂಟೆಯ ಸಮೇತ, ಅವರ ಮಾತಿನಲ್ಲೇ ಈಗಲೇ ಬರೆಸಿಡಿ.

ಇಷ್ಟೆಲ್ಲ ಹಕ್ಕಿನ ಮಾತಾಯಿತು. ಕೇಸು ಗೆಲ್ಲುವುದೂ ಸೋಲುವುದೂ ಕೇಸ್ ಶೀಟಿನಲ್ಲಿ, ಅಂದರೆ ಆಸ್ಪತ್ರೆಯವರು ಬರೆದಿಟ್ಟ ಚಿಕಿತ್ಸೆಯ ದಾಖಲೆಯಲ್ಲಿ. ಮಗು ಸತ್ತು ಹುಟ್ಟಿತು ಎಂದಾಕ್ಷಣ ಯಾರೋ ತಪ್ಪು ಮಾಡಿದ್ದಾರೆ ಎಂದಲ್ಲ. ಹೊಕ್ಕುಳಬಳ್ಳಿ ಬಿಗಿದು, ಮಾಸು ಮೊದಲೇ ಕಿತ್ತುಬಂದು, ತಾಯಿಯ ಬಿಪಿ ಏರಿ, ಸೋಂಕು ತಗುಲಿ, ಎಷ್ಟೇ ಎಚ್ಚರದಿಂದಿದ್ದರೂ ಕೆಲವು ಮಕ್ಕಳು ಹೋಗುತ್ತವೆ. ಆಸ್ಪತ್ರೆಯವರ ಮೊದಲ ಉತ್ತರವೂ ಇದೇ ಆಗಿರುತ್ತದೆ. ನೀವು ತೋರಿಸಬೇಕಾದದ್ದು ಎರಡು: ಮಾಡಬೇಕಾದ್ದನ್ನು ಅವರು ಮಾಡಲಿಲ್ಲ, ಮಾಡಿದ್ದರೆ ಮಗು ಉಳಿಯುವ ಸಂಭವವಿತ್ತು. ಎರಡನೆಯದೇ ಕಷ್ಟದ್ದು.

ನೋವು ಬಲವಾದ ಮೇಲೆ ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಎಣಿಸಿ ಪಾರ್ಟೋಗ್ರಾಫ್ ಎಂಬ ಹಾಳೆಯಲ್ಲಿ ಚುಕ್ಕೆ ಇಡಬೇಕು. ಚೌಕುಳಿ ಗೆರೆಯ ಒಂದೇ ಹಾಳೆ, ಎದೆಬಡಿತದ ಭಾಗ ಮೇಲುಗಡೆಯೇ ಇರುತ್ತದೆ. ನಿಮಿಷಕ್ಕೆ 110ರಿಂದ 160ರ ಒಳಗಿದ್ದರೆ ಸರಿ. ಒಂಬತ್ತಕ್ಕೆ ಚುಕ್ಕೆ ಇದ್ದು, ಆಮೇಲೆ ನಾಲ್ಕೂವರೆವರೆಗೆ ಖಾಲಿ ಬಿಟ್ಟಿದ್ದರೆ ಆ ಖಾಲಿ ಜಾಗವೇ ನಿಮ್ಮ ಸಾಕ್ಷಿ. ಎಲ್ಲ ಚುಕ್ಕೆಯೂ ಒಂದೇ ಪೆನ್ನಿನಲ್ಲಿ, ಒಂದೇ ಒತ್ತಿನಲ್ಲಿ, ಪ್ರತಿ ಸಲವೂ 140 ಎಂದೇ ಇದ್ದರೆ ಆಮೇಲೆ ಕೂತು ತುಂಬಿದ್ದು ಎಂಬ ಅನುಮಾನ ಆಯೋಗಕ್ಕೂ ಬರುತ್ತದೆ. ಅದಕ್ಕೇ ಮೂಲ ಪ್ರತಿ ಹಾಜರುಪಡಿಸಿ ಎಂದು ಕೇಳುವುದು. ಜೆರಾಕ್ಸಿನಲ್ಲಿ ಪೆನ್ನಿನ ಬಣ್ಣ ಕಾಣುವುದಿಲ್ಲ. ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ದಾಖಲಿಸುವ ಸಿಟಿಜಿ ಮಾಡಿದ್ದರೆ ಅದರ ಉದ್ದನೆಯ ಕಾಗದದಲ್ಲಿ ಗಂಟೆ ತಾನಾಗಿ ಅಚ್ಚಾಗಿರುತ್ತದೆ, ಅದನ್ನೂ ಕೇಳಿ.

ಡಿಸ್ಚಾರ್ಜ್ ಹಾಳೆಯಲ್ಲಿ 'ಫ್ರೆಶ್ ಸ್ಟಿಲ್ ಬರ್ತ್' ಅಂತಿದೆಯೋ 'ಮೆಸರೇಟೆಡ್' ಅಂತಿದೆಯೋ ನೋಡಿ. ಮಗು ಹೊಟ್ಟೆಯೊಳಗೇ ಬಹಳ ಹೊತ್ತಿನ ಹಿಂದೆ ಹೋಗಿದ್ದರೆ ಚರ್ಮ ಸಿಪ್ಪೆ ಬಿಡಲು ಶುರುವಾಗಿರುತ್ತದೆ, ಆಗ ಎರಡನೆಯ ಮಾತು ಬರೆಯುತ್ತಾರೆ. ಮೊದಲನೆಯದಿದ್ದರೆ ಹೋದದ್ದು ಹೆರಿಗೆಯ ಸಮಯದ ಆಸುಪಾಸಿನಲ್ಲಿ, ಅಂದರೆ ಮಗು ಅವರ ಸುಪರ್ದಿನಲ್ಲಿದ್ದಾಗ, ಎನ್ನಲು ಆಧಾರವಾಗುತ್ತದೆ. ಹಸಿರು ನೀರೆಂದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದು. ಅದೊಂದರಿಂದಲೇ ತಪ್ಪು ಸಾಬೀತಾಗದು, ಆದರೆ ಅದು ಗೊತ್ತಾದ ಮೇಲೂ ಡಾಕ್ಟರಿಗೆ ಫೋನು ಮಾಡದೆ, ಊರಲ್ಲೇ ಇರುವ ಚಿಗಟೇರಿ ಜಿಲ್ಲಾಸ್ಪತ್ರೆಯಂಥ ದೊಡ್ಡ ಕಡೆಗೂ ಕಳಿಸದೆ ನಾಲ್ಕು ಗಂಟೆ ಕಳೆದರೆ ಅದಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ. ನೀವೇ ತಡವಾಗಿ ಬಂದಿರಿ ಎಂದು ತಿರುಗಿಸಿ ಹೇಳಬಹುದು. ಎಂಟೂವರೆಯ ಅಡ್ಮಿಷನ್ ರಿಜಿಸ್ಟರು, ಆಗ ಎದೆಬಡಿತ ಸರಿಯಿತ್ತೆಂಬ ಅವರದೇ ಬರಹ, ಇವೆರಡು ಸಿಕ್ಕರೆ ಆ ಮಾತು ನಿಲ್ಲದು.

ವೈದ್ಯರ ವೃತ್ತಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಡಲೇಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಲ್ಲಿ ಕೇಳಬೇಡಿ. ನಿಮ್ಮ ಮನೆಯವರ ಸಹಿ ಇರುವ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೊಡದಿದ್ದರೆ ಕೊಡಲಿಲ್ಲ ಎನ್ನುವುದೇ ಅವರ ವಿರುದ್ಧ ಹೋಗುತ್ತದೆ. ತಾಯಿ ಕಾರ್ಡು, ಗರ್ಭಿಣಿಯಾಗಿದ್ದಾಗಿನ ಸ್ಕ್ಯಾನಿಂಗ್ ರಿಪೋರ್ಟುಗಳು, ಬಿಲ್ಲು, ಔಷಧಿ ಅಂಗಡಿಯ ಚೀಟಿ ಏನನ್ನೂ ಎಸೆಯಬೇಡಿ. ಮೊದಲ ಎಂಟು ಒಂಬತ್ತು ತಿಂಗಳು ಎಲ್ಲ ಸರಿಯಿತ್ತು ಎಂದು ಹೇಳುವುದು ಆ ಕಾರ್ಡೇ. ಮಗುವಿನ ಪೋಸ್ಟ್‌ಮಾರ್ಟಂ ಆಗಿಲ್ಲ, ಮಾಸನ್ನು ಪರೀಕ್ಷೆಗೆ ಕಳಿಸಿಲ್ಲ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಇದು ನಿಮ್ಮ ಕೇಸಿನ ದೊಡ್ಡ ಕೊರತೆ, ಕಾರಣದ ಪ್ರಶ್ನೆಯಲ್ಲಿ ಆಸ್ಪತ್ರೆಯವರು ಇದನ್ನೇ ಎತ್ತುತ್ತಾರೆ. ಆ ಹೊತ್ತಿನಲ್ಲಿ ಅಂಥದ್ದು ಯಾರಿಗೆ ಹೊಳೆಯುತ್ತದೆ ಬಿಡಿ.

ಇನ್ನೊಬ್ಬ ಡಾಕ್ಟರ ಪತ್ರವಿಲ್ಲದೆ ಕೇಸೇ ಹಾಕುವಂತಿಲ್ಲ ಎಂದೂ ನಿಮಗೆ ಯಾರಾದರೂ ಹೇಳಿಯಾರು. 2010ರ ವಿ. ಕಿಶನ್ ರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಎಲ್ಲ ಪ್ರಕರಣಕ್ಕೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದಿದೆ. ಹಾಗೆಂದು ಇಲ್ಲದೆ ಹೋಗಬೇಡಿ. ಹೆರಿಗೆಯ ಕೇಸಿನಲ್ಲಿ ತಜ್ಞರ ಮಾತಿಲ್ಲದಿದ್ದರೆ ಆಯೋಗ ಹಿಂಜರಿಯುತ್ತದೆ. ಒಂದೇ ಊರಿನ ಡಾಕ್ಟರುಗಳು ಒಬ್ಬರ ಮೇಲೊಬ್ಬರು ಬರೆದುಕೊಡುವುದಿಲ್ಲ, ಅದನ್ನು ನಿರೀಕ್ಷಿಸುವುದೂ ತಪ್ಪು. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಕೇಸ್ ಶೀಟು ಓದಿಸಿ. ಆಗದಿದ್ದರೆ ದಾಖಲೆಯನ್ನು ಸರ್ಕಾರಿ ವೈದ್ಯರ ಮಂಡಳಿಗೆ ಕಳಿಸಿ ಎಂದು ಆಯೋಗಕ್ಕೇ ಅರ್ಜಿ ಹಾಕಬಹುದು. ಓದಿದ ಮೇಲೆ ಆ ತಜ್ಞರೇ, ಇದರಲ್ಲಿ ತಪ್ಪಿಲ್ಲ, ಎಂದರೆ? ಹಾಗೂ ಆಗುತ್ತದೆ. ಅಲ್ಲಿಗೆ ನಿಲ್ಲಿಸಿಬಿಡಿ. ವರ್ಷಗಟ್ಟಲೆ ಅಲೆದು ಸೋಲುವುದಕ್ಕಿಂತ ಅದು ಎಷ್ಟೋ ವಾಸಿ.

ಪೊಲೀಸರು ತೆಗೆದುಕೊಳ್ಳಲಿಲ್ಲವೆಂದು ಬೇಸರಪಡಬೇಡಿ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ಡಾಕ್ಟರ ಮೇಲೆ ಕ್ರಿಮಿನಲ್ ಕೇಸಿಗೆ ಸಾಮಾನ್ಯ ಅಜಾಗರೂಕತೆ ಸಾಲದು, ಘೋರ ನಿರ್ಲಕ್ಷ್ಯ ಬೇಕು, ಅದಕ್ಕೂ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕು. ನಿಮ್ಮದರಲ್ಲಿ ಇನ್ನೊಂದು ತೊಡಕಿದೆ: ತಾಯಿಯ ಗರ್ಭದಲ್ಲಿರುವ ಮಗುವಿನ ಸಾವು ನರಹತ್ಯೆಯಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ ವಿವರಣೆಯಲ್ಲೇ ಇದೆ. ನಿರ್ಲಕ್ಷ್ಯದ ಸಾವಿಗೆ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ ಹೇಳುವ 106ನೇ ಕಲಮನ್ನು ನಿಮ್ಮ ಪ್ರಕರಣಕ್ಕೆ ಹೊಂದಿಸುವುದು ಸುಲಭವಲ್ಲ. ಕ್ರಿಮಿನಲ್ ಕೇಸಿಲ್ಲದಿದ್ದರೂ ಪರಿಹಾರದ ಕೇಸು ನಡೆಯುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಖಾಸಗಿ ಆಸ್ಪತ್ರೆಗಳ ಮೇಲೆ ನಿಗಾ ಇಡುವ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅವರು ದುಡ್ಡು ಕೊಡಿಸುವುದಿಲ್ಲ, ಕ್ರಮ ತೆಗೆದುಕೊಳ್ಳಬಲ್ಲರು.

ಎಲ್ಲಿ ಹಾಕುವುದು? ಗ್ರಾಹಕರ ಆಯೋಗವೇ ಸರಿ. ಸಿವಿಲ್ ಕೋರ್ಟಿನಲ್ಲಿ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಆಯೋಗದಲ್ಲಿ ನೀವು ಆಸ್ಪತ್ರೆಗೆ ಕಟ್ಟಿದ ಬಿಲ್ಲಿನ ಮೇಲೆ ಲೆಕ್ಕ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ಕೇಳುವ ಪರಿಹಾರ ಎಷ್ಟೇ ಇದ್ದರೂ ಜಿಲ್ಲಾ ಆಯೋಗವೇ ಕೇಳುತ್ತದೆ. ಹೊಸ ಕಾಯ್ದೆ ಬಂದ ಮೇಲೆ ದೂರುದಾರರು ವಾಸವಿರುವ ಕಡೆಯೂ ಹಾಕಬಹುದು. ಆಸ್ಪತ್ರೆ ದಾವಣಗೆರೆಯದ್ದಾದರೂ ನೀವು ಹೊಳಲ್ಕೆರೆಯವರು, ಚಿತ್ರದುರ್ಗದ ಆಯೋಗದಲ್ಲೇ ಹಾಕಿ. ವಾಯಿದೆಗೆ ಓಡಾಡುವುದು ಅವರಿಗೆ ಬರಲಿ. ಘಟನೆಯಿಂದ ಎರಡು ವರ್ಷದೊಳಗೆ ಹಾಕಬೇಕು, ನಿಮಗಿನ್ನು ಹದಿಮೂರು ತಿಂಗಳಿದೆ. ಕಾಯ್ದೆಯಲ್ಲಿ ಮೂರರಿಂದ ಐದು ತಿಂಗಳಲ್ಲಿ ತೀರ್ಮಾನ ಅಂತಿದೆ. ಅದನ್ನು ನಂಬಿ ಕೂರಬೇಡಿ. ಗೆದ್ದರೂ ಅವರು ಅಪೀಲು ಹೋಗಬಹುದು, ಹೋಗುವಾಗ ಅರ್ಧ ಮೊತ್ತ ಠೇವಣಿ ಇಡಬೇಕು ಎನ್ನುವುದೊಂದು ಸಮಾಧಾನ. ಇನ್ನೊಂದು ಕಷ್ಟ ಹೇಳಿಬಿಡಬೇಕು: ಆ ರಾತ್ರಿ ಏನಾಯಿತೆಂದು ನಿಮ್ಮ ಮನೆಯವರು ಅಫಿಡವಿಟ್ಟಿನಲ್ಲಿ ಹೇಳಬೇಕು, ಎದುರಿನವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಅದಕ್ಕೆ ಅವರು ತಯಾರಿದ್ದಾರೆಯೇ ಎಂದು ಕೇಳಿ. ನೀವೋ ನಿಮ್ಮ ತಂದೆಯವರೋ ಅವರ ಪರವಾಗಿ ಹೂಂ ಅನ್ನಬೇಡಿ.

ಐವತ್ತು ಸಾವಿರದ ಮಾತು. ರಾಜಿ ತಪ್ಪಲ್ಲ, ದಾಖಲೆ ನೋಡುವ ಮೊದಲು ರಾಜಿ ತಪ್ಪು. ಅವರು ಕೊಡುವ ಕಾಗದದಲ್ಲಿ 'ಇನ್ನು ಮುಂದೆ ಯಾವುದೇ ತಕರಾರು ಇರುವುದಿಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ಅದಕ್ಕೆ ಸಹಿ ಬಿದ್ದರೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ಮುಗಿಯಿತು. ಕೇಸ್ ಶೀಟ್ ಕೊಡಿ, ಓದಿಸಿ ಆಮೇಲೆ ಮಾತಾಡೋಣ ಎನ್ನಿ. ಬಹಳಷ್ಟು ನರ್ಸಿಂಗ್ ಹೋಮುಗಳಿಗೆ ಇಂಥ ಪರಿಹಾರ ಭರಿಸುವ ವೃತ್ತಿ ವಿಮೆ ಇರುತ್ತದೆ, ಮಾತುಕತೆಯಲ್ಲಿ ಅದು ನೆನಪಿರಲಿ. ಹೆರಿಗೆಗೆ ಮುಂಚೆ ಹಾಕಿದ ಒಪ್ಪಿಗೆ ಸಹಿಗೆ ಹೆದರಬೇಡಿ, ಅದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೇ ಹೊರತು ಅಸಡ್ಡೆಗೆ ಕೊಟ್ಟದ್ದಲ್ಲ.

ನಿಮ್ಮ ತಂದೆಯವರ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ, ನಮ್ಮ ಕಡೆ ಹಿರಿಯರು ಹಾಗನ್ನುವುದು ಸಹಜ. ಅವರಿಗೆ ಹೀಗೆ ಹೇಳಿ ನೋಡಿ: ಕೇಳುತ್ತಿರುವುದು ಸೊಸೆಯ ಚಿಕಿತ್ಸೆಗೆ, ಅವಳು ಕಳೆದುಕೊಂಡ ಸಂಬಳಕ್ಕೆ, ಅವಳು ಪಟ್ಟ ಪಾಡಿಗೆ. ದೂರಿನ ಪ್ರತಿಯಲ್ಲೂ ಮೊತ್ತವನ್ನು ಈ ಮೂರು ಬಾಬಿನಲ್ಲೇ ಬಿಡಿಸಿ ಬರೆಯುತ್ತೇವೆ, ಬೇಕಾದರೆ ಅವರೇ ಓದಲಿ.

ಕೊನೆಗೆ, ನೀವು ಕೇಳದೆ ಬಿಟ್ಟ ಒಂದು ವಿಷಯ, ತಡ ಮಾಡುವಂತಿಲ್ಲ. ಮಗು ಇಲ್ಲವಲ್ಲ ಇನ್ನೇನು ರಜೆ ಎಂದರಲ್ಲ, ಅದು ತಪ್ಪು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗು ಎಂದರೆ ಸತ್ತು ಹುಟ್ಟಿದ ಮಗುವೂ ಸೇರಿದೆ. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್ಐನಲ್ಲೂ 26 ವಾರ ದಾಟಿದ ಹೆರಿಗೆಯಾದರೆ ಮಗು ಜೀವಂತವಿರಲಿ ಇಲ್ಲದಿರಲಿ ಸೌಲಭ್ಯ ಸಿಗಬೇಕು. ಮೊದಲ ಹೆರಿಗೆಯಾದ್ದರಿಂದ ಇಎಸ್ಐಗೆ ವಂತಿಗೆ ಕಟ್ಟಬೇಕಾದ ದಿನಗಳು ತುಂಬಿದ್ದರೆ 26 ವಾರದ ಹಣ ಅವರ ಪಾಲಿನದ್ದು. ಸಂಬಳದ ಚೀಟಿಯಲ್ಲಿ ಇಎಸ್ಐ ಕಡಿತವಾಗಿದೆಯೇ ನೋಡಿ. ಆ ಹಣವನ್ನು 12 ತಿಂಗಳೊಳಗೆ ಕೇಳಬೇಕು, ನಿಮಗೆ ಆಗಲೇ ಹನ್ನೊಂದಾಗಿದೆ. ಡಿಸ್ಚಾರ್ಜ್ ಹಾಳೆ, ನಿರ್ಜೀವ ಜನನದ ನೋಂದಣಿ ಪತ್ರ, ಇಎಸ್ಐ ನಂಬರು ಹಿಡಿದು ಈ ವಾರವೇ ಇಎಸ್ಐ ಶಾಖಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ನರ್ಸಿಂಗ್ ಹೋಮಿಗೆ ದಾಖಲೆ ಕೇಳುವ ಪತ್ರವನ್ನೂ ಅದೇ ದಿನ ಪೋಸ್ಟ್ ಮಾಡಿ.